ಹನ್ನೆರಡನೆಯ ಹಾಜರಿ

ನಾರ್ಬರ್ಟ್ ಸಿಲ್ವೇರನ ತಾಪತ್ರಯಕ್ಕೆಲ್ಲ ಮೂಲ ಒಂದು ಗೀಟು. ಎಷ್ಟು ದೊಡ್ಡದು ಎಂದರೆ ಅಕ್ಕಿಕಾಳಿನಷ್ಟು. ಸೆಮಿಸ್ಟರಿನ ಮೊದಲ ದಿನ ಮಂಜಿನಿಂದ ಒಳಗೆ ಬಂದವನ ಕನ್ನಡಕ ಪೂರ್ತಿ ಮಬ್ಬಾಗಿತ್ತು. ಕಾಣದಿದ್ದರೇನಂತೆ ಎಂದು ಹಾಜರಿ ಪಟ್ಟಿಯ ಹನ್ನೆರಡು ಹೆಸರಿಗೂ ಸರಸರನೆ ಗೀಟು ಹಾಕಿದ. ಒರೆಸಿಕೊಂಡು ನೋಡಿದರೆ ಕೋಣೆಯಲ್ಲಿ ಹನ್ನೊಂದೇ ತಲೆ. ಡೊರೊತೇಯ ಟ್ರೆಹೋ ಎಂಬ ಹನ್ನೆರಡನೆಯ ಹೆಸರಿನವಳು ಬಂದೇ ಇರಲಿಲ್ಲ. ಆ ಗೀಟನ್ನು ಆಗಲೇ ಅಳಿಸಿದ್ದರೆ ನಾನು ಈ ಕತೆ ಹೇಳುವ ಕಷ್ಟವೂ ತಪ್ಪುತ್ತಿತ್ತು. ಪುಣ್ಯಾತ್ಮ ‘ನಾಳೆ ಬರ್ತಾಳೆ ಬಿಡು’ ಎಂದುಕೊಂಡ. ಮೂರು ವಾರ ಹಾಗೇ ಅಂದುಕೊಂಡು ಮೂರು ವಾರವೂ ಗೀಟು ಹಾಕಿದ.

ಅಳಿಸಲಾರದ್ದಕ್ಕೆ ಕಾರಣವಿತ್ತು. ಲಾಸ್ ಟೂಲೆಸ್ ಊರಿನ ಆ ಪುಟ್ಟ ಕಾಲೇಜಿನಲ್ಲಿ ಹೊಸದಾಗಿ ಸೇರಿದವರಿಗೆ ನಾಲ್ಕು ಪಾಠಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿದ್ದರು: ಸ್ಪ್ಯಾನಿಷ್, ಸಮಾಜಶಾಸ್ತ್ರ, ಅಧ್ಯಯನ ಕ್ರಮ, ಕೊನೆಗೆ ಎರಡು ಗಂಟೆಗೆ ನಾರ್ಬರ್ಟನ ಓದು. ಅದೇ ಗುಂಪು ನಾಲ್ಕೂ ಕೋಣೆಗೆ ತಿರುಗಬೇಕು. ಮೂರನೆಯ ವಾರದ ಕೊನೆಗೆ ಎಣಿಕೆಯ ದಿನ. ಅಷ್ಟರೊಳಗೆ ಮುಖ ತೋರಿಸದವರ ಹೆಸರನ್ನು ಮೇಷ್ಟ್ರು ಹೊಡೆದುಹಾಕಬೇಕು. ಗುಂಪಿನಲ್ಲಿ ಹನ್ನೆರಡಕ್ಕೆ ಒಂದು ಕಡಿಮೆಯಾದರೂ ನಾಲ್ಕು ಪಾಠಕ್ಕೂ ಬೀಗ.

ಬೀಗ ಬಿದ್ದರೆ ಉಳಿದ ಮೂವರು ಅಧ್ಯಾಪಕರಿಗೆ ಬೇರೆ ತರಗತಿಗಳಿದ್ದವು. ನಾರ್ಬರ್ಟನಿಗೆ ಇದ್ದದ್ದು ಇದೊಂದೇ. ಹೆಂಡತಿ ಆರ್ಡಿತ್ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಫ್ರಿಜ್ಜು ಗೊರಗುಟ್ಟುವುದು ಬಿಟ್ಟರೆ ಸದ್ದೆಂಬುದಿಲ್ಲ. ಎರಡು ಗಂಟೆಗೆ ಬಂದು ಕೂತರೆ ಹಾಲು ಕರೆಯುವವರು, ಟ್ರಕ್ಕು ಓಡಿಸುವವರು, ಮೂರು ಮಕ್ಕಳ ತಾಯಂದಿರು ಒಬ್ಬೊಬ್ಬರಾಗಿ ತಡವರಿಸುತ್ತ ಗಟ್ಟಿಯಾಗಿ ಓದುತ್ತಿದ್ದರು. ಮನುಷ್ಯರ ದನಿ ಕಿವಿಗೆ ಬೀಳುತ್ತಿದ್ದದ್ದು ಆಗ ಮಾತ್ರ. ಅದು ಹೋದರೆ ತನಗೆ ಹುಚ್ಚು ಹಿಡಿಯುತ್ತದೆ ಎಂದು ಅವನು ನಿಜವಾಗಿಯೂ ಹೆದರಿದ್ದ.

ಎಣಿಕೆಯ ದಿನ ಬೆಳಿಗ್ಗೆ ಕಣಿವೆಗೆ ಕಣಿವೆಯೇ ಮಂಜಿನಲ್ಲಿ ಮುಳುಗಿತ್ತು. ಕಾರು ನಿಲ್ಲಿಸಿ ಇಳಿದರೆ ತನ್ನ ಬೂಟು ತನಗೇ ಕಾಣಲೊಲ್ಲದು. ಎದುರಿಗೆ ಯಾರೋ ನಡೆದು ಬಂದಂತಾಗಿ ‘ನಮಸ್ಕಾರ’ ಎಂದ. ಅದು ಕಸದ ಡಬ್ಬಿ. ಒಂಬತ್ತೂಕಾಲಿಗೆ ಕೋಣೆಯ ಫೋನು ಬಡಿದುಕೊಂಡಿತು. ಡೀನ್ ಕಚೇರಿಯ ಗ್ಲೆಂಡ. ಆ ಕಾಲೇಜಿನಲ್ಲಿ ಗ್ಲೆಂಡಳಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ, ಗ್ಲೆಂಡಳಿಂದ ಇನ್ನೊಬ್ಬರಿಗೆ ಗೊತ್ತಾಗದೆ ಉಳಿದದ್ದೂ ಇರಲಿಲ್ಲ.

“ನಾರ್ಬರ್ಟ್, ಈ ಸಲ ಡೀನ್ ಹ್ಯಾಸ್ಕೆಲ್ ಮೇಡಂ ಖುದ್ದಾಗಿ ತಲೆ ಎಣಿಸ್ತಾರಂತೆ. ಎರಡು ಗಂಟೆಗೆ ನಿಮ್ಮ ಕೋಣೆಗೇ ಬರ್ತಾರೆ. ಬೇರೆ ಕಾಲೇಜಲ್ಲಿ ಇಲ್ಲದವರ ಹೆಸರೆಲ್ಲ ಬರ್ಕೊಂಡು ರಾದ್ಧಾಂತ ಆಗಿದೆ. ಅಲ್ಲ, ಈ ಡೊರೊತೇಯ ಅನ್ನೋಳು ಯಾರು? ನಾನೊಂದು ದಿನಾನೂ ನೋಡಿಲ್ಲ.”

ಆಗಲಾದರೂ ನಿಜ ಹೇಳಬಹುದಿತ್ತು. ಬಾಯಿ ತೆರೆದರೆ ಬೇರೆಯೇ ಬಂತು.

“ಅಯ್ಯೋ ಅವಳಾ, ಬೂದು ಕೋಟು ಹಾಕ್ಕೊಂಡು ಬರ್ತಾಳಲ್ಲ. ಹಿಂದೆ, ಕಿಟಕಿ ಪಕ್ಕ ಕೂರ್ತಾಳೆ. ಮಾತು ಕಮ್ಮಿ.”

“ಓ, ಬೂದು ಕೋಟು,” ಎಂದಳು ಗ್ಲೆಂಡ. ಫೋನು ಇಟ್ಟ ಮೇಲೆ ನಾರ್ಬರ್ಟ್ ಬಹಳ ಹೊತ್ತು ಆ ಖಾಲಿ ಕುರ್ಚಿಯನ್ನೇ ನೋಡುತ್ತ ಕೂತ. ಕಿಟಕಿಯ ಗಾಜಿಗೆ ಮಂಜು ಒತ್ತಿಕೊಂಡಿತ್ತು.

ಹನ್ನೊಂದಕ್ಕೆ ಅಧ್ಯಾಪಕರ ಕೋಣೆಗೆ ಹೋದರೆ ಸ್ಪ್ಯಾನಿಷ್ ಕಲಿಸುವ ಒಫೀಲಿಯ ಉರ್ರುತಿಯ ಕಾಫಿ ಕುಡಿಯುತ್ತಿದ್ದಳು. ಗಟ್ಟಿ ಹೆಂಗಸು. ಹುಟ್ಟಿದಾಗಿನಿಂದ ಸ್ಪ್ಯಾನಿಷ್ ಆಡುವವರನ್ನೂ ಸ್ಪ್ಯಾನಿಷ್‌ನಲ್ಲಿ ಫೇಲು ಮಾಡಿದವಳು. ನಾರ್ಬರ್ಟ್ ಬಿಸ್ಕತ್ತಿಗೆ ಕೈ ಹಾಕುವಾಗ ತಾನಾಗಿಯೇ ಶುರು ಮಾಡಿದಳು.

“ನಮ್ಮ ಡೊರೊತೇಯ ಇದಾಳಲ್ಲ, ಪಾಪದ ಹುಡುಗಿ ಕಣೋ. ಅದೇ ಬೂದು ಕೋಟು. ಅದೇ ಕಿಟಕಿ ಪಕ್ಕ.”

ನಾರ್ಬರ್ಟನ ಕೈ ಬಿಸ್ಕತ್ತಿನ ಮೇಲೇ ನಿಂತಿತು. ಆ ಕೋಟು ಹುಟ್ಟಿ ಇನ್ನೂ ಎರಡು ಗಂಟೆ ಆಗಿರಲಿಲ್ಲ.

“ನೀನು ನೋಡಿದೀಯಾ ಅವಳನ್ನ?” ಎಂದ.

“ನೋಡ್ದೆ ಏನು? ಬರೋದು ಗೊತ್ತಾಗಲ್ಲ, ಹೋಗೋದು ಗೊತ್ತಾಗಲ್ಲ. ಎಲ್ಲಾರೂ ಕೂತ ಮೇಲೆ ತಿರುಗಿ ನೋಡಿದ್ರೆ ಇರ್ತಾಳೆ.”

ಮೂಲೆಯಲ್ಲಿದ್ದ ಸಮಾಜಶಾಸ್ತ್ರದ ಪ್ರೂಯಿಟ್ ಪತ್ರಿಕೆಯಿಂದ ತಲೆ ಎತ್ತಿದ. “ನನ್ನ ಕ್ಲಾಸಲ್ಲೂ ಹಾಗೇ. ಬೋರ್ಡ್ ಕಡೆ ತಿರುಗಿ ಎರಡು ಸಾಲು ಬರೆಯೋಷ್ಟರಲ್ಲಿ ಎದ್ದು ಹೋಗಿರ್ತಾಳೆ. ಬಾಗಿಲು ಸದ್ದಾಗಲ್ಲ. ಪಕ್ಕದವರನ್ನ ಕೇಳಿದ್ರೆ ಅವರು ನೋಡೇ ಇರಲ್ಲ.”

“ಏನಾದ್ರೂ ಬರೀತಾಳಾ?”

“ಒಂದಕ್ಷರ ಇಲ್ಲ. ನೋಟ್ಸೂ ಇಲ್ಲ, ಪುಸ್ತಕಾನೂ ಇಲ್ಲ. ಸುಮ್ನೆ ನೋಡ್ತಾ ಕೂತಿರ್ತಾಳೆ.”

ನಾರ್ಬರ್ಟನಿಗೆ ಮೊದಲು ಸ್ವಲ್ಪ ಸಂತೋಷವಾದದ್ದೂ ನಿಜವೇ: ಹುಡುಗಿ ಇದ್ದಾಳೆ, ತನ್ನ ಪಾಠಕ್ಕೆ ಮಾತ್ರ ಚಕ್ಕರ್ ಹೊಡೆಯುತ್ತಾಳೆ ಎಂದುಕೊಳ್ಳಲು ನೋಡಿದ. ಆದರೆ ಕೋಟಿನ ಬಣ್ಣ ಮನಸ್ಸಿನಿಂದ ಹೋಗಲಿಲ್ಲ. ಬಾಗಿಲ ಬಳಿ ಅಧ್ಯಯನ ಕ್ರಮ ಕಲಿಸುವ ಮಾಯ್ ವಾಂಗ್ ಎದುರಾದಳು. ನಾಲ್ವರಲ್ಲಿ ಚಿಕ್ಕವಳು, ಸುಳ್ಳು ಹೇಳುವ ಜಾತಿಯಲ್ಲ ಎಂದು ಅವನ ನಂಬಿಕೆ. ಮೆಲ್ಲಗೆ ಕೇಳಿದ.

“ಡೊರೊತೇಯ ತಾನೆ ಸರ್?” ಮಾಯ್ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಬರ್ತಾಳೆ. ಮುಖ ಸರಿಯಾಗಿ ನೆನಪಿಲ್ಲ. ನೋಡ್ದಾಗ ಇರತ್ತೆ, ಆಮೇಲೆ ನೆನೆಸ್ಕೊಂಡ್ರೆ ಬರಲ್ಲ.”

ಅಷ್ಟು ಹೇಳಿ ಫೈಲು ಎದೆಗವಚಿಕೊಂಡು ಓಡಿಯೇ ಹೋದಳು.

ಮಧ್ಯಾಹ್ನವಾದರೂ ಬಿಸಿಲಿನ ಸುಳಿವಿರಲಿಲ್ಲ. ಕ್ಯಾಂಟೀನಿನಲ್ಲಿ ಹಗಲಲ್ಲೇ ದೀಪ ಹಾಕಿದ್ದರು. ದೂರದಲ್ಲಿ ರೈಲ್ವೆ ಗೇಟಿನ ಗಂಟೆ ಒಂದೇ ಸಮ ಬಡಿಯುತ್ತಿತ್ತು, ರೈಲು ಮಾತ್ರ ಬರಲೊಲ್ಲದು. ನಾರ್ಬರ್ಟ್ ತಟ್ಟೆ ಹಿಡಿದು ಕೂತಿದ್ದಷ್ಟೆ, ಮೇಜಿನ ಮೇಲೆ ದೊಡ್ಡ ನೆರಳು ಬಿತ್ತು. ಯುಸೇಬಿಯೊ. ಆ ಹನ್ನೊಂದು ಮಂದಿಯಲ್ಲೊಬ್ಬ, ಹೈನುಗಾರಿಕೆಯಲ್ಲಿ ಸಾವಿರ ಹಸುಗಳ ನಡುವೆ ಕೆಲಸ ಮಾಡುವ ನಲವತ್ತರ ಆಳು, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದ ಗಾತ್ರ. ಕೈಯಲ್ಲಿ ಟೋಪಿ ಹಿಂಡುತ್ತಿದ್ದ.

“ಮೇಷ್ಟ್ರೇ, ಒಂದು ಮಾತು. ಹುಡುಗ್ರೆಲ್ಲ ಸೇರಿ ನನ್ನ ಕಳಿಸಿದ್ರು.”

“ಏನಪ್ಪ?”

“ದಿನಾ ನೀವು ಡೊರೊತೇಯ ಅಂತ ಕೂಗ್ತೀರ. ಯಾರೂ ಓ ಅನ್ನಲ್ಲ. ನೀವು ಆ ಖಾಲಿ ಕುರ್ಚಿ ಕಡೆ ಒಂದ್ಸಲ ನೋಡ್ತೀರ. ಆಮೇಲೆ ಗೀಟು ಹಾಕ್ತೀರ. ನೀವೊಬ್ರೇ ಆಗಿದ್ರೆ ವಯಸ್ಸಾಯ್ತು ಪಾಪ ಅನ್ಕೊಂತಿದ್ವಿ. ನಾಲ್ಕು ಜನಾನೂ ಹಾಗೇ ಮಾಡ್ತೀರಲ್ಲ. ನಮಗ್ಯಾರಿಗೂ ಕಾಣ್ದೇ ಇರೋದು ನಿಮ್ಗೆ ನಾಲ್ಕೂ ಜನಕ್ಕೆ ಕಾಣ್ತಿದ್ಯಾ?”

ಪಕ್ಕದ ಮೇಜಿನಲ್ಲಿ ಹ್ಯಾಸ್ಕೆಲ್ ಮೇಡಂ ಸೂಪು ಕುಡಿಯುತ್ತಿದ್ದಳು. ಚಮಚ ಬಾಯಿಯ ಹತ್ತಿರ ನಿಂತಿತು. ನಾರ್ಬರ್ಟನಿಗೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು, ಉಗುಳಲೂ ಆಗದು, ನುಂಗಲೂ ಆಗದು.

“ಅದೇನು ಹಾಗಂದ್ರೆ,” ಎಂದ ಗಟ್ಟಿಯಾಗಿ, ಮೇಡಂಗೆ ಕೇಳಲೆಂದು. “ಬರ್ತಾಳಲ್ಲ. ನಿನ್ನ ಹಿಂದೇನೇ ಕೂರ್ತಾಳೆ. ಇಷ್ಟು ಹತ್ರ.” ಎಷ್ಟು ಹತ್ತಿರ ಎಂದು ಕೈಯಲ್ಲಿ ತೋರಿಸಿದ.

ಯುಸೇಬಿಯೊ ಕತ್ತಿನ ಹಿಂದೆ ಕೈ ಇಟ್ಟುಕೊಂಡ. “ಅದಕ್ಕೇ,” ಎಂದ ಸಣ್ಣ ದನಿಯಲ್ಲಿ. “ಅದಕ್ಕೇ ಮೇಷ್ಟ್ರೇ, ನಂಗೆ ಅಲ್ಲಿ ತಣ್ಣಗಾಗ್ತಿರತ್ತೆ.”

ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ, ಅದಕ್ಕೆ ತಣ್ಣಗಾಗುತ್ತದೆ ಎಂದು ಹೇಳಬೇಕೆನಿಸಿತು. ಆದರೆ ಆ ಹೊತ್ತಿಗೆ ನಾರ್ಬರ್ಟನಿಗೇ ಕಿಟಕಿಯ ಮೇಲೆ ನಂಬಿಕೆ ಹೋಗಿತ್ತು. ಮೇಡಂ ಮತ್ತೆ ಸೂಪು ಕುಡಿಯತೊಡಗಿದಳು. ಯುಸೇಬಿಯೊ ತನ್ನವರ ಮೇಜಿಗೆ ಹೋಗಿ ಏನೋ ಹೇಳಿದ. ಹತ್ತೂ ಜನ ಊಟ ಬಿಟ್ಟು ನಾರ್ಬರ್ಟನನ್ನೇ ನೋಡಿದರು.

ತಟ್ಟೆಯನ್ನು ಹಾಗೇ ಬಿಟ್ಟು ಕೋಣೆಗೆ ಬಂದು ಪಟ್ಟಿಯಲ್ಲಿದ್ದ ಡೊರೊತೇಯಳ ಮನೆಯ ನಂಬರಿಗೆ ಫೋನು ಮಾಡಿದ. ಮೂರು ವಾರದಲ್ಲಿ ಒಮ್ಮೆಯೂ ಮಾಡದ ಕೆಲಸ. ಒಂಬತ್ತು ಸಲ ಬಡಿದ ಮೇಲೆ ಯಾರೋ ಎತ್ತಿದರು. ಮುದುಕಿಯ ದನಿ, ಬಾವಿಯೊಳಗಿಂದ ಬಂದಂತಿತ್ತು.

“ಡೊರೊತೇಯ ಇದಾಳಾ ಅಮ್ಮ? ಕಾಲೇಜಿಂದ ಮಾತಾಡ್ತಿರೋದು.”

“ಇಲ್ಲಿ ಎಲ್ಲಿದಾಳೆ,” ಎಂದಳು ಮುದುಕಿ. “ದಿನಾ ಅಲ್ಲೇ ಇರ್ತಾಳಂತಲ್ಲ, ನಿಮ್ಮ ಹತ್ರ.” ಫೋನು ಕಟ್ಟಾಯಿತು.

ನಾರ್ಬರ್ಟನಿಗೆ ಹನ್ನೆರಡು ತಲೆಯೂ ಬೇಡ, ಡೀನೂ ಬೇಡ, ಯಾರ ಹತ್ತಿರವಾದರೂ ನಿಜ ಹೇಳಿದರೆ ಸಾಕು ಎನಿಸಿತು. ಒಂದೂವರೆಗೆ ಮೂವರನ್ನೂ ಅಧ್ಯಾಪಕರ ಕೋಣೆಯಲ್ಲಿ ಕೂಡಿಸಿ ಬಾಗಿಲು ಹಾಕಿದ.

“ನಂಗೆ ಹೇಳ್ಬಿಡಿ,” ಎಂದ. “ಆ ಬೂದು ಕೋಟು ಹೊಲಿದಿದ್ದು ನಾನು. ಇವತ್ತು ಬೆಳಿಗ್ಗೆ ಒಂಬತ್ತೂಕಾಲಿಗೆ. ಈ ಬಾಯಲ್ಲಿ. ನಾನು ಆ ಹುಡುಗೀನ ಒಂದು ದಿನಾನೂ ನೋಡಿಲ್ಲ. ನೀವು ಹೇಗೆ ನೋಡಿದ್ರಿ?”

ಒಫೀಲಿಯಳ ಮುಖ ನಿಧಾನವಾಗಿ ಕೆಂಪಾಯಿತು.

“ಗ್ಲೆಂಡ ಫೋನ್ ಮಾಡಿ, ಬೂದು ಕೋಟಿನ ಹುಡುಗಿ ನಿನ್ನ ಕ್ಲಾಸಿಗೂ ಬರ್ತಾಳೆ ತಾನೆ ಅಂದ್ಲು. ಹೌದು ಅಂದೆ. ಮೂರು ವಾರದಿಂದ ಗೀಟು ಹಾಕಿದೀನಲ್ಲ, ಇನ್ನೇನು ಅನ್ಲಿ? ಬರಲ್ಲ ಅಂದ್ರೆ ಪಾಠ ಹೋಗತ್ತೆ.”

ಪ್ರೂಯಿಟ್ ಕೆಮ್ಮಿದ. “ಒಫೀಲಿಯ ಹೇಳ್ತಿದ್ದದ್ದು ಕೇಳಿ ನಾನೂ ಸೇರಿಸ್ದೆ. ನನ್ನ ಪಟ್ಟೀಲೂ ಗೀಟಿತ್ತಲ್ಲ. ಹುಡುಗರನ್ನ ಯಾರಾದ್ರೂ ಕೇಳಿದ್ರೆ ನೋಡಿಲ್ಲ ಅಂತಾರೆ. ಅದಕ್ಕೇ ಸದ್ದಿಲ್ದೆ ಹೋಗ್ತಾಳೆ ಅಂದೆ.”

“ಮುಖ ಹೇಗಿದೆ ಅಂತ ಮೇಡಂ ಕೇಳ್ಬಿಟ್ರೆ ಅಂತ ಭಯ ಆಯ್ತು,” ಎಂದಳು ಮಾಯ್, ನೆಲ ನೋಡುತ್ತ. “ಅದಕ್ಕೆ ನೆನಪಿಲ್ಲ ಅಂದೆ.”

ಎತ್ತು ಈದಿದೆ ಎಂದು ನಾರ್ಬರ್ಟ್ ಹೇಳಿದ್ದ, ಇವರು ಮೂವರೂ ಕರುವನ್ನು ಕೊಟ್ಟಿಗೆಗೆ ಕಟ್ಟಿ ಹುಲ್ಲು ಹಾಕಿದ್ದರು. ನಾಲ್ವರೂ ಮುಖ ಮುಖ ನೋಡಿಕೊಂಡು ಮೊದಲು ಮೆಲ್ಲಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಹೊತ್ತು ಎದೆಯ ಮೇಲಿದ್ದ ಭಾರ ಇಳಿದು ನಾರ್ಬರ್ಟನಿಗೆ ಕಣ್ಣಲ್ಲಿ ನೀರೇ ಬಂತು. ನಗು ನಿಂತ ಮೇಲೆ ಅವನಿಗೆ ಮುದುಕಿಯ ಮಾತು ನೆನಪಾಯಿತು. ಹೇಳಿದ. ಯಾರಿಗೂ ಮತ್ತೆ ನಗು ಬರಲಿಲ್ಲ.

“ನಿಮ್ಮ ಹತ್ರಾನೇ ಇರ್ತಾಳೆ ಅಂದ್ಲಾ?” ಒಫೀಲಿಯ ಶಿಲುಬೆಯ ಗುರುತು ಮಾಡಿಕೊಂಡಳು. “ಹೋಗಿ ಮೇಡಂಗೆ ಎಲ್ಲಾ ಹೇಳ್ಬಿಡು. ಪಾಠ ಹೋದ್ರೆ ಹೋಗ್ಲಿ.”

“ನಾನೊಬ್ನೇ ಯಾಕೆ?”

“ಕೋಟು ನಿಂದು ತಾನೆ,” ಎಂದ ಪ್ರೂಯಿಟ್.

ಎರಡು ಗಂಟೆಗೆ ನಾರ್ಬರ್ಟ್ ತನ್ನ ಕೋಣೆಗೆ ಕಾಲಿಟ್ಟಾಗ ಹನ್ನೊಂದು ಮಂದಿ ಮುಂದಿನ ಕುರ್ಚಿಗಳಿಗೆ ಒತ್ತಿಕೊಂಡು ಕೂತಿದ್ದರು. ಜಾಗವಿಲ್ಲದೆ ಹಿಂದೆಯೇ ಉಳಿದವನು ಯುಸೇಬಿಯೊ, ಕುರ್ಚಿಯ ತುದಿಯಲ್ಲಿ ಅರ್ಧ ಕೂತಿದ್ದ. ಅವನ ಹಿಂದೆ ಕಿಟಕಿ ಪಕ್ಕದ ಕುರ್ಚಿ ಖಾಲಿ. ಹ್ಯಾಸ್ಕೆಲ್ ಮೇಡಂ ಕೈಯಲ್ಲಿ ಹಲಗೆಯಂಥ ಕಂಪ್ಯೂಟರು ಹಿಡಿದು ಮುಂದೆ ನಿಂತಿದ್ದಳು.

“ಹೆಸರು ಕೂಗಿ ನಾರ್ಬರ್ಟ್. ನಾನು ಎಣಿಸ್ತೀನಿ. ಒತ್ತಿದ್ರೆ ನೇರ ರಾಜಧಾನಿಗೆ ಹೋಗತ್ತೆ, ಆಮೇಲೆ ತಿದ್ದಕ್ಕಾಗಲ್ಲ.”

ಈಗಲೇ ಹೇಳಬೇಕು ಎಂದುಕೊಂಡ. ಬಾಯಿ ಬರಲಿಲ್ಲ. ಹನ್ನೊಂದು ಹೆಸರು ಮುಗಿದ ಮೇಲೆ ಹೇಳಿದರಾಯಿತು ಎಂದು ಪಟ್ಟಿಯಲ್ಲೇ ಮುಖ ಹುದುಗಿಸಿ ಒಂದೊಂದೇ ಕೂಗಿದ. ಹನ್ನೊಂದು ಸಲ ‘ಇದೀನಿ’ ಬಂತು, ಒಂದಕ್ಕಿಂತ ಒಂದು ಸಣ್ಣಗೆ. ಹಿಂದೆಲ್ಲೋ ಬಾಗಿಲು ಕಿರುಗುಟ್ಟಿ ತಣ್ಣನೆ ಗಾಳಿ ಕಾಲಿಗೆ ಸೋಕಿತು. ತಲೆ ಎತ್ತಲು ಧೈರ್ಯವಾಗಲಿಲ್ಲ. ಅಭ್ಯಾಸಬಲದಿಂದ ನಾಲಿಗೆ ಮುಂದಿನ ಹೆಸರನ್ನೂ ಕೂಗಿಬಿಟ್ಟಿತು.

“ಡೊರೊತೇಯ ಟ್ರೆಹೋ.”

ತಪ್ಪಾಯಿತು ಮೇಡಂ ಎನ್ನಲು ಅವನು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡ.

“ಇದೀನಿ,” ಎಂದಿತು ಕಿಟಕಿ ಪಕ್ಕದಿಂದ ಒಂದು ಹೆಣ್ಣುದನಿ.

“ಹನ್ನೆರಡು,” ಎಂದು ಹ್ಯಾಸ್ಕೆಲ್ ಮೇಡಂ ಗುಂಡಿ ಒತ್ತಿದಳು.

ನಾರ್ಬರ್ಟ್ ಕಣ್ಣು ಬಿಟ್ಟ. ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಕೂದಲು, ಹುಬ್ಬು, ಕೆನ್ನೆ, ತೋಳು, ಎಲ್ಲ ಬೆಳ್ಳಗೆ. ಯುಸೇಬಿಯೊ ಇಂಚಿಂಚಾಗಿ ಕತ್ತು ತಿರುಗಿಸಿದ. ಅಷ್ಟು ದೊಡ್ಡ ಆಳಿನ ಬಾಯಿಂದ ಕರುವಿನಂಥ ಒಂದು ಸದ್ದು ಬಂತು. ಮರುಕ್ಷಣ ಕುರ್ಚಿಗಳು ಉರುಳಿದವು. ಹನ್ನೊಂದು ಜನವೂ ಒಂದೇ ಬಾಗಿಲಲ್ಲಿ ಒಟ್ಟಿಗೆ ಹೊರಗೆ ಹೋದರು, ಹೇಗೆ ಹೋದರೋ ದೇವರೇ ಬಲ್ಲ.

ನಾರ್ಬರ್ಟ್ ಓಡಲಿಲ್ಲ, ಕಾಲು ಬಂದಿದ್ದರೆ ಓಡುತ್ತಿದ್ದ. ಹೆಂಗಸು ಗಾಬರಿಯಿಂದ ಎದ್ದು ನಿಂತಳು. ಏಪ್ರನ್ನಿನಿಂದ ಹಿಟ್ಟು ಉದುರಿತು.

“ಏನಾಯ್ತು ಇವರಿಗೆ? ರೊಟ್ಟಿ ಕಾರ್ಖಾನೆಯಿಂದ ನೇರ ಬಂದೆ, ಮುಖ ತೊಳ್ಯಕ್ಕೆ ಟೈಮ್ ಆಗ್ಲಿಲ್ಲ. ಒಂದು ಗಂಟೆ ರಜ ಕೊಟ್ಟಿದಾರೆ.” ಜೇಬಿನಿಂದ ಒಂದು ಕಾಗದ ತೆಗೆದಳು. “ಮೇಷ್ಟ್ರೇ, ಇದೇನು ಹೇಳಿ. ಸೇರಿದ್ದೇನೋ ನಿಜ. ಹಗಲು ಪಾಳಿ ಬಂತು ಅಂತ ಒಂದಿನಾನೂ ಬರಕ್ಕಾಗ್ಲಿಲ್ಲ. ಈಗ ಕಾಲೇಜಿಂದ ಕಾಗದ ಬಂದಿದೆ, ನಾಲ್ಕು ಪಾಠಕ್ಕೂ ಪೂರ್ತಿ ಹಾಜರಿ, ಅಭಿನಂದನೆ ಅಂತ. ನಮ್ಮಜ್ಜಿ ಮೂರು ದಿನದಿಂದ ನಿದ್ದೆ ಮಾಡಿಲ್ಲ. ನನ್ನ ಹೆಸರಲ್ಲಿ ಬಂದು ಕೂರ್ತಿರೋದು ಯಾರು ಅಂತ ನೋಡೋಣ ಅಂತ ಬಂದೆ. ಹೆಂಗಿದಾಳೆ ಅವಳು?”

“ಯಾರೂ ಇಲ್ಲ ಕಣಮ್ಮ,” ಎಂದ ನಾರ್ಬರ್ಟ್. ಅವನಿಗೆ ನಾಚಿಕೆಯಿಂದ ಅಳುವೇ ಬಂದಿತ್ತು. “ನಾನೇ ಸುಳ್ಳು ಗೀಟು ಹಾಕ್ತಿದ್ದೆ.”

“ನಂಗೇನೂ ಕೇಳಿಸ್ಲಿಲ್ಲ,” ಎಂದಳು ಹ್ಯಾಸ್ಕೆಲ್ ಮೇಡಂ. ಅವಳ ಕಣ್ಣು ಕೈಯಲ್ಲಿದ್ದ ಹಲಗೆಯ ಮೇಲೇ ಇತ್ತು. ಹೊರಗೆ ಪಡಸಾಲೆಯಲ್ಲಿ ಹನ್ನೊಂದು ಜನ ಗೋಡೆಗೊರಗಿ ಫೋನು ಒತ್ತುತ್ತಿದ್ದರು. ಎಣಿಕೆಯ ದಿನ ಐದು ಗಂಟೆಯೊಳಗೆ ಹೆಸರು ತೆಗೆಸಿದರೆ ದಾಖಲೆಯಲ್ಲಿ ಕಲೆ ಉಳಿಯುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಹಲಗೆಯ ಮೇಲಿನ ಸಂಖ್ಯೆ ಹನ್ನೊಂದಾಯಿತು, ಎಂಟಾಯಿತು, ನಾಲ್ಕಾಯಿತು. ಒಂದಕ್ಕೆ ಬಂದು ನಿಂತಿತು.

“ಪಾಠ ಮುಚ್ಚಿಬಿಡಿ ಮೇಡಂ,” ಎಂದ ನಾರ್ಬರ್ಟ್.

“ಹೇಗ್ರಿ ಮುಚ್ಚೋದು? ಹನ್ನೆರಡು ತಲೆ ನಾನೇ ಕಣ್ಣಾರೆ ಎಣಿಸಿ ಕಳಿಸಿದೀನಿ. ಹತ್ತು ನಿಮಿಷದಲ್ಲಿ ಹನ್ನೊಂದು ಜನ ಹೋದ್ರು ಅಂತ ಈಗ ಬರೆದ್ರೆ, ಕಾರಣ ಏನು ಅಂತ ಕೇಳ್ತಾರೆ. ಏನ್ ಬರೀಲಿ? ದೆವ್ವ ಬಂತು ಅಂತ ಬರೀಲಾ?” ಅವಳು ಹಲಗೆಯನ್ನು ಚೀಲಕ್ಕೆ ಹಾಕಿದಳು. “ಹನ್ನೆರಡು ಅಂದ್ರೆ ಹನ್ನೆರಡು. ನಾಲ್ಕೂ ಪಾಠ ಮೇ ತಿಂಗಳವರೆಗೆ ನಡೀಬೇಕು. ಇವಳೊಬ್ಬಳ ಹೆಸರು ಮಾತ್ರ ಹೋಗಬಾರದು.”

“ನಾನು ಹೆಸರು ತೆಗೆಸಕ್ಕೇ ಬಂದಿದ್ದು,” ಎಂದಳು ಡೊರೊತೇಯ.

“ಆಗಲ್ಲಮ್ಮ.”

“ಪಾಳಿ ಬಿಟ್ಟು ಬರಕ್ಕಾಗಲ್ವೇ.”

“ಬರ್ಬೇಡಿ. ಹಾಜರಿ ಇವರು ನೋಡ್ಕೋತಾರೆ. ಅಭ್ಯಾಸ ಇದೆ.”

ಡೊರೊತೇಯ ಇಬ್ಬರ ಮುಖವನ್ನೂ ನೋಡಿದಳು. ಕಾಗದವನ್ನು ಜೋಪಾನವಾಗಿ ಮಡಿಸಿ ಜೇಬಿಗಿಟ್ಟುಕೊಂಡು, “ಹಾಗಾದ್ರೆ ಸರಿ ಮೇಷ್ಟ್ರೇ. ಅಜ್ಜಿಗೆ ಹೇಳ್ತೀನಿ, ಚಿಂತೆ ಮಾಡೋಂಥದ್ದೇನಿಲ್ಲ ಅಂತ,” ಎಂದು ಮಂಜಿನೊಳಗೆ ಹೊರಟುಹೋದಳು.

ಸೋಮವಾರವೂ ಮಂಜು ಬಿಟ್ಟಿರಲಿಲ್ಲ. ಮನೆಯಲ್ಲಿ ಕೂರಲಾರದೆ ನಾರ್ಬರ್ಟ್ ಒಂಬತ್ತಕ್ಕೇ ಬಂದ. ಪಕ್ಕದ ಕೋಣೆಯಲ್ಲಿ ಒಫೀಲಿಯ ಒಂದು ಹೆಸರು ಕೂಗಿದ್ದು ಗೋಡೆಯಾಚೆಯಿಂದ ಕೇಳಿಸಿತು. ಹತ್ತಕ್ಕೆ ಪ್ರೂಯಿಟ್ ಕೂಗಿದ. ಊಟಕ್ಕೆ ಮೊದಲು ಮಾಯ್ ಅಳುಕುತ್ತ ಕೂಗಿದಳು. ಎರಡು ಗಂಟೆಗೆ ನಾರ್ಬರ್ಟ್ ಬಾಗಿಲು ಹಾಕಿ, ಉರುಳಿದ್ದ ಕುರ್ಚಿಗಳನ್ನು ಎತ್ತಿ ನಿಲ್ಲಿಸಿ, ತನ್ನ ಜಾಗದಲ್ಲಿ ಕೂತು ಕನ್ನಡಕ ಒರೆಸಿಕೊಂಡ.

“ಡೊರೊತೇಯ ಟ್ರೆಹೋ.”

ಸ್ವಲ್ಪ ಹೊತ್ತು ಕಾದ. ಗೀಟು ಹಾಕಿದ. ಪುಸ್ತಕ ತೆರೆದು ಹಿಂದಿನ ವಾರ ನಿಲ್ಲಿಸಿದ್ದ ಪುಟ ಹುಡುಕಿಕೊಂಡು, ಇವತ್ತು ಯಾರು ಓದ್ತೀರಿ ಎಂದು ಕೇಳಿದ.